ಕಂಡದ್ದನ್ನು ಹೇಳಿದ ವೈದ್ಯ: ಡಾ. ಮಹೇಂದ್ರಲಾಲ್ ಸರ್ಕಾರ್

ಶ್ರೀ ರಾಮಕೃಷ್ಣ ಪರಮಹಂಸರ ಚರಿತ್ರೆಯನ್ನು ಓದಿದವರಿಗೆಲ್ಲ ಡಾ. ಮಹೇಂದ್ರಲಾಲ್ ಸರ್ಕಾರರ ಹೆಸರು ಪರಿಚಿತವಾದುದು. ಪರಮಹಂಸರ ಗಂಟಲ ರೋಗಕ್ಕೆ ಔಷಧ ನೀಡಲು ಬಂದು, ಗಂಟೆಗಟ್ಟಲೆ ಅವರೆದುರು ಕುಳಿತು ವಾದಿಸುತ್ತಿದ್ದ, ನಿಷ್ಠುರ ಮಾತಿನ ಆ ವೈದ್ಯರನ್ನು ಯಾರೂ ಮರೆಯಲಾರರು. ಆದರೆ ಅವರ ಬದುಕಿನ ಉಳಿದ ಭಾಗ ಕನ್ನಡಿಗರಿಗೆ ಅಷ್ಟಾಗಿ ತಿಳಿದಿಲ್ಲ. ಕಲ್ಕತ್ತೆಯ ವೈದ್ಯ ಸಂಘದ ಉಪಾಧ್ಯಕ್ಷರಾಗಿದ್ದ ಅವರು, ತಾವು ಪರೀಕ್ಷಿಸಿ ನಂಬಿದ ಒಂದು ವಿಷಯವನ್ನು ಅದೇ ಸಂಘದ ವೇದಿಕೆಯಿಂದ ಹೇಳಿ, ಸ್ಥಾನ, ಸಂಪಾದನೆ, ಸ್ನೇಹಗಳೆಲ್ಲವನ್ನೂ ಏಕಕಾಲಕ್ಕೆ ಕಳೆದುಕೊಂಡರು. ಅನಂತರ ತಮ್ಮ ಆಯುಷ್ಯದ ಉತ್ತಮ ಭಾಗವನ್ನು ಈ ದೇಶದ ಯುವಕರಿಗಾಗಿ ಒಂದು ವಿಜ್ಞಾನ ಮಂದಿರವನ್ನು ಕಟ್ಟುವುದರಲ್ಲಿ ಸವೆಸಿದರು. ಆ ಮಂದಿರದ ಫಲವನ್ನು ಇಡೀ ಜಗತ್ತು ಕಂಡಿತು. ಕಟ್ಟಿದವರು ಮಾತ್ರ ಅದನ್ನು ಕಾಣಲಿಲ್ಲ.

ತಬ್ಬಲಿ ಬಾಲಕನ ವಿದ್ಯಾಭ್ಯಾಸ

ಮಹೇಂದ್ರಲಾಲರು 1833ನೆಯ ಇಸವಿ ನವೆಂಬರ್ 2ರಂದು ಬಂಗಾಳದ ಹೌರಾ ಜಿಲ್ಲೆಯ ಪಾಯಿಕ್‌ಪಾರಾ ಎಂಬ ಗ್ರಾಮದಲ್ಲಿ ಜನಿಸಿದರು. ತಂದೆ ತಾರಕನಾಥರು ತೀರಿಕೊಂಡಾಗ ಮಗುವಿಗೆ ಐದು ವರ್ಷ. ತಾಯಿ ಅಘೋರಮಣಿಯವರು ಮಗನನ್ನು ಕರೆದುಕೊಂಡು ಕಲ್ಕತ್ತೆಯ ನೇಬುತಲಾ ಬಡಾವಣೆಯಲ್ಲಿದ್ದ ತವರಿಗೆ ಬಂದರು. ಕೆಲವೇ ವರ್ಷಗಳಲ್ಲಿ ಆ ತಾಯಿಯೂ ಅಕಾಲ ಮರಣಕ್ಕೆ ತುತ್ತಾದರು. ಹೀಗೆ ಒಂಬತ್ತು ವರ್ಷಕ್ಕೆ ತಬ್ಬಲಿಯಾದ ಬಾಲಕನನ್ನು ಸೋದರಮಾವಂದಿರಾದ ಈಶ್ವರಚಂದ್ರ ಘೋಷ್ ಮತ್ತು ಮಹೇಶಚಂದ್ರ ಘೋಷರು ಸ್ವಂತ ಮಗನಂತೆ ಸಾಕಿದರು.

ಮೊದಲು ಗುರುಮಹಾಶಯರ ಪಾಠಶಾಲೆ, ಬಳಿಕ ಠಾಕೂರದಾಸ್ ದೇ ಎಂಬ ಉಪಾಧ್ಯಾಯರ ಬಳಿ ಇಂಗ್ಲಿಷಿನ ಮೊದಲ ಪಾಠಗಳು. ಅನಂತರ ಆಗಿನ ಕಲ್ಕತ್ತೆಯ ಬಡ ವಿದ್ಯಾರ್ಥಿಗಳ ಪಾಲಿಗೆ ಆಶ್ರಯದಂತಿದ್ದ ಹೇರ್ ಶಾಲೆಯಲ್ಲಿ ಶುಲ್ಕವಿಲ್ಲದ ವಿದ್ಯಾರ್ಥಿಯಾಗಿ ಪ್ರವೇಶ ದೊರೆಯಿತು. 1849ರಲ್ಲಿ ವಿದ್ಯಾರ್ಥಿವೇತನ ಗಳಿಸಿ ಹಿಂದೂ ಕಾಲೇಜನ್ನು ಸೇರಿದ ಮಹೇಂದ್ರಲಾಲರಿಗೆ ಅಲ್ಲಿ ವಿಜ್ಞಾನದ ಹಸಿವು ಹುಟ್ಟಿತು. ಆದರೆ ಆ ಹಸಿವನ್ನು ತಣಿಸುವ ಸೌಕರ್ಯ ಆ ಕಾಲೇಜಿನಲ್ಲಿರಲಿಲ್ಲ. ದೇಶದಲ್ಲಿ ಅಂದು ಭಾರತೀಯನೊಬ್ಬನು ಭೌತಶಾಸ್ತ್ರ, ರಸಾಯನಶಾಸ್ತ್ರ, ಸಸ್ಯಶಾಸ್ತ್ರಗಳನ್ನು ಒಂದಿಷ್ಟು ಪ್ರಯೋಗಪೂರ್ವಕವಾಗಿ ಕಲಿಯಬೇಕಾದರೆ ಇದ್ದ ದಾರಿ ವೈದ್ಯಕೀಯ ಕಾಲೇಜೊಂದೇ. ಆದುದರಿಂದಲೇ ಅವರು ಕಲ್ಕತ್ತಾ ಮೆಡಿಕಲ್ ಕಾಲೇಜನ್ನು ಸೇರಿದರು. ವಿಜ್ಞಾನದ ಅಭ್ಯಾಸಕ್ಕೆ ಪ್ರತ್ಯೇಕವಾದ ಮನೆಯೊಂದು ಈ ದೇಶದಲ್ಲಿಲ್ಲ ಎಂಬ ಕೊರತೆ ಅವರ ಮನಸ್ಸಿನಲ್ಲಿ ಅಂದೇ ನಾಟಿರಬೇಕು.

ಕಾಲೇಜಿನಲ್ಲಿ ಅವರ ಪ್ರತಿಭೆ ಬೇಗನೆ ಬೆಳಕಿಗೆ ಬಂದಿತು. ಎರಡನೆಯ ವರ್ಷದ ವಿದ್ಯಾರ್ಥಿಯಾಗಿದ್ದಾಗ, ಕಣ್ಣಿನ ರಚನೆಯನ್ನು ಕುರಿತು ಆಂಗ್ಲ ಅಧ್ಯಾಪಕರೊಬ್ಬರು ಮೇಲಿನ ತರಗತಿಯವರಿಗೆ ಕೇಳಿದ ಪ್ರಶ್ನೆಗೆ ಅವರು ಥಟ್ಟನೆ ಉತ್ತರಿಸಿದರಂತೆ. ಅದರಿಂದ ಪ್ರಸನ್ನರಾದ ಅಧ್ಯಾಪಕರು, ದೃಗ್ವಿಜ್ಞಾನವನ್ನು ಕುರಿತು ಸಹಪಾಠಿಗಳಿಗೆ ಉಪನ್ಯಾಸಮಾಲೆಯೊಂದನ್ನು ನೀಡಲು ಈ ವಿದ್ಯಾರ್ಥಿಗೇ ಅವಕಾಶ ಮಾಡಿಕೊಟ್ಟರು. ಪದಕ, ಪಾರಿತೋಷಕಗಳೊಡನೆ ವ್ಯಾಸಂಗ ಮುಗಿಸಿದ ಮಹೇಂದ್ರಲಾಲರು 1863ರಲ್ಲಿ ಎಂ.ಡಿ. ಪದವಿಯನ್ನು ಪಡೆದರು. ಕಲ್ಕತ್ತಾ ವಿಶ್ವವಿದ್ಯಾನಿಲಯದಿಂದ ಆ ಪದವಿ ಪಡೆದವರಲ್ಲಿ ಅವರು ಎರಡನೆಯವರು.

ವೈದ್ಯ ಸಂಘದ ಉಪಾಧ್ಯಕ್ಷರು

ಅದೇ 1863ರಲ್ಲಿ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ನಿನ ಬಂಗಾಳ ಶಾಖೆಯು ಕಲ್ಕತ್ತೆಯಲ್ಲಿ ಸ್ಥಾಪಿತವಾಯಿತು. ಆಂಗ್ಲ ವೈದ್ಯರೂ ಪಾಶ್ಚಾತ್ಯ ವೈದ್ಯವನ್ನು ಕಲಿತ ಭಾರತೀಯರೂ ಒಂದೆಡೆ ಕಲೆತು ರೋಗ, ಔಷಧಗಳನ್ನು ಚರ್ಚಿಸುವ ಸಂಘವದು. ಮಹೇಂದ್ರಲಾಲರು ಅದರ ಕಾರ್ಯದರ್ಶಿಗಳಲ್ಲೊಬ್ಬರಾದರು. ಪ್ರಾರಂಭೋತ್ಸವದ ಸಭೆಯಲ್ಲಿ ಮಾತನಾಡುತ್ತ ಅವರು ಹೋಮಿಯೋಪಥಿಯನ್ನು ತೀಕ್ಷ್ಣವಾಗಿ ಖಂಡಿಸಿದರು. ಅದೊಂದು ಮೋಸದ ವೈದ್ಯ, ಅದನ್ನು ನಡೆಸುವವರು ಜನರನ್ನು ವಂಚಿಸುವವರು ಎಂಬುದು ಅವರ ಅಂದಿನ ನಿಲುವಾಗಿತ್ತು. ಸಭೆಯು ಅದನ್ನು ಹರ್ಷದಿಂದ ಸ್ವೀಕರಿಸಿತು. ಮೂರು ವರ್ಷಗಳಲ್ಲಿ ಅವರು ಸಂಘದ ಉಪಾಧ್ಯಕ್ಷ ಸ್ಥಾನಕ್ಕೆ ಏರಿದರು. ಕಲ್ಕತ್ತೆಯ ಶ್ರೀಮಂತ ಮನೆತನಗಳು ಅವರನ್ನು ಕರೆಸಿಕೊಳ್ಳುತ್ತಿದ್ದವು. ಮೂವತ್ತು ದಾಟುತ್ತಿದ್ದ ಹಾಗೆಯೇ ಅವರು ನಗರದ ಅಗ್ರಗಣ್ಯ ವೈದ್ಯರ ಸಾಲಿನಲ್ಲಿದ್ದರು.

ಆ ಖಂಡನೆಯ ಮಾತು ರಾಜೇಂದ್ರಲಾಲ್ ದತ್ತ ಎಂಬ ಸಜ್ಜನರ ಕಿವಿಗೆ ಬಿದ್ದಿತು. ಅವರು ವೈದ್ಯ ಪದವೀಧರರಲ್ಲ, ಹಣವಂತ ಮನೆತನದವರು. ಹೋಮಿಯೋಪಥಿಯನ್ನು ತಾವೇ ಅಭ್ಯಾಸ ಮಾಡಿ ಬಡವರಿಗೆ ಔಷಧ ಕೊಡುತ್ತಿದ್ದರು. ಈಶ್ವರಚಂದ್ರ ವಿದ್ಯಾಸಾಗರರ ಬಹುಕಾಲದ ತಲೆನೋವು ಅವರ ಚಿಕಿತ್ಸೆಯಿಂದ ಶಮನವಾಯಿತೆಂದು ಪ್ರತೀತಿಯಿತ್ತು. ದತ್ತರು ಮಹೇಂದ್ರಲಾಲರೊಡನೆ ಪದೇ ಪದೇ ವಾದಕ್ಕೆ ನಿಂತರೂ ಈ ತರುಣ ವೈದ್ಯರು ಒಪ್ಪಲಿಲ್ಲ.

ಈ ನಡುವೆ ಹೋಮಿಯೋಪಥಿಯ ತತ್ತ್ವವನ್ನು ಕುರಿತ ಮಾರ್ಗನ್ ಎಂಬವರ ಪುಸ್ತಕವೊಂದು ಪತ್ರಿಕೆಯ ವಿಮರ್ಶೆಗಾಗಿ ಅವರ ಕೈಗೆ ಬಂದಿತು. ಇದನ್ನು ಮಣ್ಣುಗೂಡಿಸಲು ಇದೇ ಸಮಯವೆಂದು ಅವರು ಓದಲು ಕುಳಿತರು. ಓದಿ ಮುಗಿಸುವಷ್ಟರಲ್ಲಿ ಅವರಿಗೊಂದು ಸಂಕಟ ಎದುರಾಯಿತು. ಪುಸ್ತಕವು ಹೇಳುತ್ತಿದ್ದುದು ಪ್ರಯೋಗದ ವಿಷಯ. ಪ್ರಯೋಗವನ್ನು ನೋಡದೆಯೇ ಅದನ್ನು ಸುಳ್ಳೆನ್ನಲು ತಮಗೇನು ಅಧಿಕಾರವಿದೆ? ಇಷ್ಟು ದಿನ ತಾವು ಹೋಮಿಯೋಪಥಿಯನ್ನು ಜರೆದದ್ದು ಪರೀಕ್ಷಿಸಿಯಲ್ಲ, ಹಿರಿಯರು ಜರೆದರೆಂಬ ಕಾರಣದಿಂದ ಮಾತ್ರ ಎಂಬುದು ಅವರ ಅರಿವಿಗೆ ಬಂದಿತು. ಅವರು ನೇರವಾಗಿ ರಾಜೇಂದ್ರಲಾಲ್ ದತ್ತರ ಬಳಿಗೆ ಹೋಗಿ, ಅವರ ರೋಗಿಗಳನ್ನು ತಾವು ನೋಡಬೇಕೆಂದು ಕೇಳಿಕೊಂಡರು.

ಮೊದಮೊದಲು ರೋಗಿಗಳು ಗುಣವಾಗುತ್ತಿರುವುದು ಔಷಧದಿಂದಲ್ಲ, ಪಥ್ಯದಿಂದ ಎಂದೇ ಅವರು ಭಾವಿಸಿದ್ದರು. ಅದನ್ನು ತಿಳಿಯಲು ಕೆಲವರಿಗೆ ಔಷಧವಿಲ್ಲದೆ ಪಥ್ಯವನ್ನಷ್ಟೇ ಮಾಡಿಸಿ ನೋಡಿದರು. ಕೆಲವರು ಅಷ್ಟರಿಂದಲೇ ಚೇತರಿಸಿಕೊಂಡರು. ಮತ್ತೆ ಕೆಲವರು ಔಷಧ ಕೊಟ್ಟ ಬಳಿಕವೇ ಚೇತರಿಸಿಕೊಂಡಂತೆ ಅವರಿಗೆ ಕಂಡಿತು. ತಾವೇ ಔಷಧ ಕೊಟ್ಟು ನೋಡಿದರು. ಹೀಗೆ ಹಂತ ಹಂತವಾಗಿ ಅವರ ಮನಸ್ಸು ತಿರುಗಿತು.

1867ರ ಫೆಬ್ರುವರಿ 16

ಮನಸ್ಸು ತಿರುಗಿದ ಮೇಲೆ ಅವರ ಮುಂದೆ ಎರಡು ಮಾರ್ಗಗಳಿದ್ದವು. ಸಂಘದ ಪದವಿಯನ್ನು ಉಳಿಸಿಕೊಂಡು, ಹೊಸ ಔಷಧಗಳನ್ನು ಸದ್ದಿಲ್ಲದೆ ಬಳಸುತ್ತ ಹೋಗುವುದು ಒಂದು. ಕಂಡದ್ದನ್ನು ಬಹಿರಂಗವಾಗಿ ಹೇಳಿ ಅದರ ಫಲವನ್ನು ಉಣ್ಣುವುದು ಮತ್ತೊಂದು. ಅವರು ಎರಡನೆಯದನ್ನು ಆರಿಸಿಕೊಂಡರು. 1867ರ ಫೆಬ್ರುವರಿ 16ರಂದು ಸಂಘದ ನಾಲ್ಕನೆಯ ವಾರ್ಷಿಕ ಸಭೆ ನಡೆಯಿತು. ಉಪಾಧ್ಯಕ್ಷರು ಎದ್ದು ನಿಂತು ವೈದ್ಯಶಾಸ್ತ್ರದ ಅನಿಶ್ಚಯತೆಯನ್ನೂ ರೋಗಕ್ಕೂ ಔಷಧಕ್ಕೂ ಇರುವ ಸಂಬಂಧವನ್ನೂ ಕುರಿತು ಪ್ರಬಂಧವನ್ನು ಓದಿದರು. ಅಂದಿನ ಚಿಕಿತ್ಸಾಕ್ರಮದ ದೋಷಗಳನ್ನು ಒಂದೊಂದಾಗಿ ಎತ್ತಿ ತೋರಿಸಿ, ಹೋಮಿಯೋಪಥಿಯಲ್ಲಿ ಪರಿಶೀಲನೆಗೆ ಅರ್ಹವಾದ ಸತ್ಯಾಂಶವಿದೆ ಎಂದು ಸಾರಿದರು.

ಸಭೆಯಲ್ಲಿ ಕೋಲಾಹಲವೆದ್ದಿತು. ನಾಲ್ಕು ವರ್ಷಗಳ ಹಿಂದೆ ಚಪ್ಪಾಳೆ ತಟ್ಟಿದವರೇ ಅಂದು ಕೂಗಿ ಎದ್ದರು. ಅವರ ಮಾತನ್ನು ಸಾವಧಾನವಾಗಿ ಕೇಳಿ, ಪರೀಕ್ಷಿಸಿ, ತಪ್ಪೆಂದು ತೋರಿಸುವ ಬದಲು ಅವರನ್ನು ಹೊರಗಟ್ಟುವ ಮಾತು ಬಂದಿತು. ಸಂಘದಲ್ಲಿ ಅವರಿಗೆ ಸ್ಥಾನವಿಲ್ಲದಾಯಿತು. ಸಹೋದ್ಯೋಗಿಗಳು ಅವರೊಡನೆ ಸಮಾಲೋಚನೆಯನ್ನು ನಿಲ್ಲಿಸಿದರು. ಪತ್ರಿಕೆಗಳಲ್ಲಿ ನಿಂದೆ ಹರಡಿತು. ಅಲ್ಲಿಯವರೆಗೆ ಬಿಡುವಿಲ್ಲದಷ್ಟು ಕರೆಗಳಿದ್ದ ವೈದ್ಯರ ಮನೆಗೆ ಸುಮಾರು ಆರು ತಿಂಗಳು ರೋಗಿಗಳು ಬರುವುದೇ ನಿಂತಂತಾಯಿತು. ಮಡದಿಯೂ ಪುಟ್ಟ ಮಗನೂ ಇದ್ದ ಸಂಸಾರಸ್ಥರಿಗೆ ಇದು ಹಗುರವಾದ ಪರೀಕ್ಷೆಯಾಗಿರಲಿಲ್ಲ. ಆದರೂ ಅವರು ಕ್ಷಮೆ ಕೇಳಲಿಲ್ಲ. ಆಡಿದ ಮಾತನ್ನು ಹಿಂದೆಗೆದುಕೊಳ್ಳಲಿಲ್ಲ. 1868ರ ಜನವರಿಯಲ್ಲಿ 'ಕಲ್ಕತ್ತಾ ಜರ್ನಲ್ ಆಫ್ ಮೆಡಿಸಿನ್' ಎಂಬ ಪತ್ರಿಕೆಯನ್ನು ತಾವೇ ಹೊರಡಿಸಿ, ತಮ್ಮ ವಿಚಾರಗಳನ್ನು ಅಲ್ಲಿ ಮಂಡಿಸತೊಡಗಿದರು. ಕ್ರಮೇಣ ರೋಗಿಗಳು ಮರಳಿದರು, ಮೊದಲಿಗಿಂತ ಹೆಚ್ಚಾಗಿಯೇ ಮರಳಿದರು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಯೋಗ್ಯ. ಹೋಮಿಯೋಪಥಿಯ ಸತ್ಯಾಸತ್ಯತೆಯನ್ನು ಕುರಿತ ವಿವಾದ ಇಂದಿಗೂ ಮುಗಿದಿಲ್ಲ. ಆಧುನಿಕ ವಿಜ್ಞಾನಿಗಳಲ್ಲಿ ಬಹುಪಾಲು ಜನ ಅದನ್ನು ಒಪ್ಪುವುದಿಲ್ಲ. ಕೈಬೆರಳೆಣಿಕೆಯ ರೋಗಿಗಳನ್ನು ನೋಡಿ ಔಷಧದ ಗುಣವನ್ನು ನಿರ್ಣಯಿಸುವುದು ಸಾಲದೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ಜೊತೆಗೆ, ರಕ್ತ ತೆಗೆಯುವುದು, ಪಾದರಸದ ಔಷಧಗಳನ್ನು ಧಾರಾಳವಾಗಿ ಕೊಡುವುದು ಮೊದಲಾದ ಉಗ್ರ ಚಿಕಿತ್ಸೆಗಳು ಬಳಕೆಯಲ್ಲಿದ್ದ ಕಾಲವದು ಎಂಬುದನ್ನೂ ನೆನೆಯಬೇಕು. ಅಂಥ ಚಿಕಿತ್ಸೆಯಿಂದ ತಪ್ಪಿಸಿಕೊಂಡು, ಪಥ್ಯದಲ್ಲಿದ್ದು ಚೇತರಿಸಿಕೊಂಡವರೂ ಅನೇಕರಿದ್ದಿರಬಹುದು. ಆದುದರಿಂದ ಮಹೇಂದ್ರಲಾಲರ ತೀರ್ಮಾನ ಸರಿಯೇ ಎಂಬುದು ಬೇರೆ ಪ್ರಶ್ನೆ. ಆದರೆ ನೋಡದೆ ನಿಂದಿಸಬಾರದು, ಕಂಡ ಮೇಲೆ ಮುಚ್ಚಿಡಬಾರದು ಎಂಬ ಅವರ ನಿಯಮವು ವಿಜ್ಞಾನಕ್ಕೂ ಧರ್ಮಕ್ಕೂ ಸಮಾನವಾದುದು. ಆ ನಿಯಮವನ್ನು ಸಂಘವು ಅಂದು ಪಾಲಿಸಲಿಲ್ಲ. ಅದರ ಉಪಾಧ್ಯಕ್ಷರು ಪಾಲಿಸಿದರು.

ಆ ವೈಮನಸ್ಯ ಬಹುಕಾಲ ಬೆನ್ನಟ್ಟಿತು. 1878ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ವೈದ್ಯ ವಿಭಾಗಕ್ಕೆ ಅವರ ಹೆಸರು ಸೇರಿದಾಗ, ಹೋಮಿಯೋಪಥಿಯ ವೈದ್ಯರೊಡನೆ ತಾವು ಕುಳಿತುಕೊಳ್ಳಲಾರೆವೆಂದು ಅಲ್ಲಿನ ಸದಸ್ಯರು ಪ್ರತಿಭಟಿಸಿದರು. ದೀರ್ಘವಾದ ಪತ್ರವ್ಯವಹಾರದಲ್ಲಿ ತಮ್ಮ ನಿಲುವನ್ನು ಸಮರ್ಥಿಸಿಕೊಂಡ ಮೇಲೆ ಮಹೇಂದ್ರಲಾಲರು ಆ ಸ್ಥಾನವನ್ನು ಬಿಟ್ಟುಕೊಟ್ಟರು. ಅದೇ ವಿಶ್ವವಿದ್ಯಾನಿಲಯವು ಇಪ್ಪತ್ತು ವರ್ಷಗಳ ತರುವಾಯ, 1898ರಲ್ಲಿ, ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ವಿಜ್ಞಾನ ಮಂದಿರದ ನಿರ್ಮಾಣ

ಹೊರಗಟ್ಟಿಸಿಕೊಂಡ ನೋವನ್ನು ಅವರು ದ್ವೇಷಕ್ಕೆ ತಿರುಗಿಸಲಿಲ್ಲ. 1869ರ ಆಗಸ್ಟ್ ತಿಂಗಳಲ್ಲಿ ತಮ್ಮ ಪತ್ರಿಕೆಯಲ್ಲಿ ಬರೆದ ಲೇಖನವೊಂದರಲ್ಲಿ, ಭಾರತೀಯರೇ ನಡೆಸುವ, ಭಾರತೀಯರಿಗಾಗಿಯೇ ಇರುವ ವಿಜ್ಞಾನ ಸಂಸ್ಥೆಯೊಂದು ಬೇಕೆಂದು ಪ್ರತಿಪಾದಿಸಿದರು. ಪರರು ಕಂಡುಹಿಡಿದದ್ದನ್ನು ಓದಿ ಪರೀಕ್ಷೆಯಲ್ಲಿ ಉತ್ತೀರ್ಣರಾಗುವುದಷ್ಟೇ ಸಾಲದು, ಈ ನೆಲದ ಮಕ್ಕಳು ತಾವೇ ಪ್ರಕೃತಿಯನ್ನು ಪ್ರಶ್ನಿಸಿ ಹೊಸದನ್ನು ಕಂಡುಹಿಡಿಯಬೇಕು ಎಂಬುದು ಅವರ ಆಶಯ. ಸರ್ಕಾರದ ಹಂಗಿನಲ್ಲಿ ಸಂಸ್ಥೆಯನ್ನು ಇರಿಸಲು ಅವರಿಗೆ ಮನಸ್ಸಿರಲಿಲ್ಲ. ಆದುದರಿಂದ ಜೋಳಿಗೆ ಹಿಡಿದವರಂತೆ ಅವರು ವರ್ಷಗಟ್ಟಲೆ ಕಲ್ಕತ್ತೆಯ ಶ್ರೀಮಂತರ ಬಾಗಿಲುಗಳನ್ನು ತಟ್ಟಿದರು. ಈಶ್ವರಚಂದ್ರ ವಿದ್ಯಾಸಾಗರ, ಕೇಶವಚಂದ್ರ ಸೇನ, ಜತೀಂದ್ರಮೋಹನ ಠಾಕೂರ್ ಮೊದಲಾದ ಗಣ್ಯರು ಅವರ ಬೆಂಬಲಕ್ಕೆ ನಿಂತರು. ಸೇಂಟ್ ಝೇವಿಯರ್ ಕಾಲೇಜಿನ ಬೆಲ್ಜಿಯಂ ಮೂಲದ ಪಾದ್ರಿ, ಭೌತಶಾಸ್ತ್ರಜ್ಞ ಫಾದರ್ ಲಾಫೋಂ ಅವರ ಬಲಗೈಯಾದರು.

ವಿರೋಧವೂ ಇತ್ತು. ಹಸಿದ ದೇಶಕ್ಕೆ ಶುದ್ಧ ವಿಜ್ಞಾನವೇಕೆ, ಕೈಕಸುಬನ್ನು ಕಲಿಸುವ ಶಾಲೆಯೇ ಸಾಕಲ್ಲವೇ ಎಂದು ಒಂದು ಪಕ್ಷ ವಾದಿಸಿತು. ಬೇರಿಲ್ಲದೆ ಕೊಂಬೆಯಿಲ್ಲ, ಮೂಲ ವಿಜ್ಞಾನವಿಲ್ಲದೆ ಕೈಗಾರಿಕೆ ಬೆಳೆಯದು ಎಂಬ ಮಹೇಂದ್ರಲಾಲರ ಪಕ್ಷ ಗೆದ್ದಿತು. 1876ರ ಜುಲೈ 29ರಂದು ಬೌಬಜಾರ್ ರಸ್ತೆಯ 210ನೆಯ ಸಂಖ್ಯೆಯ ಮನೆಯಲ್ಲಿ 'ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್' ಉದ್ಘಾಟನೆಗೊಂಡಿತು. ಮಹೇಂದ್ರಲಾಲರೇ ಅದರ ಕಾರ್ಯದರ್ಶಿ. ಕೊನೆಯುಸಿರಿನವರೆಗೂ ಆ ಹೊಣೆಯನ್ನು ಹೊತ್ತರು. ಸಂಜೆಯ ಹೊತ್ತು ಅಲ್ಲಿ ಉಪನ್ಯಾಸಗಳು ನಡೆಯುತ್ತಿದ್ದವು. ಫಾದರ್ ಲಾಫೋಂ ಮತ್ತು ಸ್ವತಃ ಮಹೇಂದ್ರಲಾಲರು ಪಾಠ ಹೇಳಿದರು. ಮುಂದೆ ಜಗದೀಶಚಂದ್ರ ಬೋಸ್, ಆಶುತೋಷ ಮುಖರ್ಜಿಯವರಂಥ ತರುಣರೂ ಅಲ್ಲಿ ಬೋಧಿಸಿದರು. ಉಪಕರಣಗಳಿಗೆಂದು ಕಾಲಿಕೃಷ್ಣ ಠಾಕೂರರು 25,000 ರೂಪಾಯಿಗಳನ್ನೂ ಪ್ರಯೋಗಾಲಯಕ್ಕೆಂದು ವಿಜಯನಗರಂ ಮಹಾರಾಜರು 40,000 ರೂಪಾಯಿಗಳನ್ನೂ ದಾನವಾಗಿ ನೀಡಿದರು.

ಆದರೆ ಸಂಸ್ಥಾಪಕರ ಕನಸು ಪೂರ್ಣವಾಗಿ ಕೈಗೂಡಲಿಲ್ಲ. ಪೂರ್ಣಾವಧಿಯ ಪ್ರಾಧ್ಯಾಪಕರನ್ನು ನೇಮಿಸಲು ಬೇಕಾದ ಶಾಶ್ವತ ನಿಧಿ ಕೂಡಲೇ ಇಲ್ಲ. ಮದುವೆ, ಉತ್ಸವಗಳಿಗೆ ನೀರಿನಂತೆ ಹಣ ಚೆಲ್ಲುವ ಧನಿಕರು ಸಂಶೋಧನೆಗೆ ಕೊಡಲು ಹಿಂಜರಿದರು. ಕೊನೆಕೊನೆಯ ವಾರ್ಷಿಕ ಸಭೆಗಳಲ್ಲಿ ಅವರ ಮಾತುಗಳು ನಿರಾಶೆಯಿಂದ ತುಂಬಿದ್ದವು. ಈ ಕಾರ್ಯಕ್ಕೆ ಕೊಟ್ಟ ಕಾಲವನ್ನು ವೈದ್ಯವೃತ್ತಿಗೇ ಕೊಟ್ಟಿದ್ದರೆ, ಅದರ ಸಂಪಾದನೆಯಿಂದಲೇ ಸಂಸ್ಥೆಯನ್ನು ಗಟ್ಟಿಗೊಳಿಸಬಹುದಾಗಿತ್ತೇನೋ ಎಂದು ಅವರು ಹಲುಬಿದರು.

ಪರಮಹಂಸರ ಸನ್ನಿಧಿಯಲ್ಲಿ

1885ರಲ್ಲಿ ದಕ್ಷಿಣೇಶ್ವರದ ಶ್ರೀ ರಾಮಕೃಷ್ಣ ಪರಮಹಂಸರಿಗೆ ಗಂಟಲ ರೋಗ ಉಲ್ಬಣಿಸಿ, ಶಿಷ್ಯರು ಅವರನ್ನು ಕಲ್ಕತ್ತೆಯ ಶ್ಯಾಮಪುಕುರದ ಮನೆಯೊಂದಕ್ಕೆ ಕರೆತಂದರು. ಚಿಕಿತ್ಸೆಗೆ ಮಹೇಂದ್ರಲಾಲರನ್ನು ಬೇಡಿಕೊಂಡರು. ಚಿಕಿತ್ಸೆಯ ವೆಚ್ಚವನ್ನು ಭಕ್ತರೇ ಕೂಡಿಸಿ ಭರಿಸುತ್ತಿದ್ದಾರೆಂದು ತಿಳಿದ ಮೇಲೆ ವೈದ್ಯರು ಶುಲ್ಕ ಪಡೆಯಲಿಲ್ಲ. ರೋಗಿಯು ಮಾತನಾಡಬಾರದೆಂದು ಅವರೇ ಕಟ್ಟಪ್ಪಣೆ ಮಾಡಿದ್ದರು. ಆದರೆ ತಾವು ಬಂದು ಕುಳಿತರೆ ಮಾತು ಗಂಟೆಗಟ್ಟಲೆ ಸಾಗುತ್ತಿತ್ತು, ಕಾದಿದ್ದ ಇತರ ರೋಗಿಗಳ ನೆನಪೂ ಹಿಂದಾಗುತ್ತಿತ್ತು.

ಮಹೇಂದ್ರಲಾಲರು ಈಶ್ವರನನ್ನು ನಂಬಿದವರು. ಆದರೆ ಮನುಷ್ಯನೊಬ್ಬನನ್ನು ಅವತಾರವೆಂದು ಒಪ್ಪಲು ಅವರು ಸಿದ್ಧರಿರಲಿಲ್ಲ. ಜನರು ಪರಮಹಂಸರ ಪಾದಧೂಳಿಯನ್ನು ತೆಗೆದುಕೊಳ್ಳುವುದನ್ನು ಅವರು ಮುಖಕ್ಕೆ ಮುಖ ಕೊಟ್ಟು ಆಕ್ಷೇಪಿಸಿದರು. ಗಿರೀಶಚಂದ್ರ ಘೋಷರೊಡನೆಯೂ ಮುಂದೆ ವಿವೇಕಾನಂದರಾದ ನರೇಂದ್ರರೊಡನೆಯೂ ತುಂಬು ವಾದ ನಡೆಸಿದರು. ಪರಮಹಂಸರು ಇದಕ್ಕೆಲ್ಲ ನಸುನಗುತ್ತಿದ್ದರು. ದುರ್ಗಾಪೂಜೆಯ ಸಮಯದಲ್ಲೊಮ್ಮೆ ಪರಮಹಂಸರು ಸಮಾಧಿಸ್ಥರಾದಾಗ ವೈದ್ಯರು ಸ್ಟೆತೊಸ್ಕೋಪಿನಿಂದ ಅವರ ಹೃದಯವನ್ನು ಪರೀಕ್ಷಿಸಿದರು. ಜೊತೆಗಿದ್ದ ವೈದ್ಯಮಿತ್ರರು ತೆರೆದ ಕಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆ ಸ್ಥಿತಿಯನ್ನು ತಮ್ಮ ಶಾಸ್ತ್ರದಿಂದ ವಿವರಿಸಲು ಇಬ್ಬರಿಗೂ ಸಾಧ್ಯವಾಗಲಿಲ್ಲವೆಂದು ಶಿಷ್ಯರು ಬರೆದಿಟ್ಟಿದ್ದಾರೆ. ಪರೀಕ್ಷಿಸದೆ ತಿರಸ್ಕರಿಸಬಾರದೆಂಬ ಅವರ ಹಳೆಯ ನಿಯಮ ಇಲ್ಲಿಯೂ ಸಡಿಲಲಿಲ್ಲ. ಒಪ್ಪದೆಯೇ ಗೌರವಿಸುವುದು, ಗೌರವಿಸಿಯೂ ಪ್ರಶ್ನಿಸುವುದು ಅವರಿಗೆ ಸಾಧ್ಯವಾಗಿತ್ತು.

ಕಾಶೀಪುರದ ತೋಟದ ಮನೆಯಲ್ಲಿ 1886ರ ಆಗಸ್ಟ್ 16ರಂದು ಪರಮಹಂಸರು ಮಹಾಸಮಾಧಿ ಹೊಂದಿದರು. ಅಂದು ಮಧ್ಯಾಹ್ನ ಬಂದ ಮಹೇಂದ್ರಲಾಲರು ದೇಹವನ್ನು ಪರೀಕ್ಷಿಸಿ, ಪ್ರಾಣ ಹೋಗಿರುವುದನ್ನು ಖಚಿತಪಡಿಸಿದರು. ಛಾಯಾಚಿತ್ರವೊಂದನ್ನು ತೆಗೆಸಬೇಕೆಂದು ಸೂಚಿಸಿ, ಅದಕ್ಕಾಗಿ ಹತ್ತು ರೂಪಾಯಿ ಕೊಟ್ಟು ಹೊರಟರು. ಶಿಷ್ಯರು ಗುರುವಿನ ಪಾರ್ಥಿವ ದೇಹದ ಸುತ್ತ ನಿಂತಿರುವ ಆ ಚಿತ್ರ ಇಂದಿಗೂ ಉಳಿದಿದೆ.

ಲೋಕಹಿತದ ಕಾಯಕ

ವೈದ್ಯರ ಅರಿವು ಸಮಾಜಕ್ಕೂ ಒದಗಬೇಕೆಂಬುದು ಅವರ ನಡೆಯಾಗಿತ್ತು. ಹೆಣ್ಣುಮಕ್ಕಳ ವಿವಾಹಕ್ಕೆ ತಕ್ಕ ವಯಸ್ಸು ಯಾವುದೆಂದು ಕೇಶವಚಂದ್ರ ಸೇನರು ವೈದ್ಯರ ಅಭಿಪ್ರಾಯ ಕೇಳಿದಾಗ, ಕನಿಷ್ಠ ಹದಿನಾರು ಎಂದು ಅವರು ಸಲಹೆ ಕೊಟ್ಟರು. 1872ರ ವಿವಾಹ ಕಾಯಿದೆಯು ಕನ್ಯೆಯ ವಯಸ್ಸನ್ನು ಹದಿನಾಲ್ಕಕ್ಕೆ ನಿಲ್ಲಿಸಿತು. 1883ರಲ್ಲಿ ಸಿ.ಐ.ಇ. ಬಿರುದು, 1887ರಲ್ಲಿ ಕಲ್ಕತ್ತೆಯ ಶೆರಿಫ್ ಪದವಿ, ಬಂಗಾಳದ ಶಾಸನ ಸಭೆಯ ಸದಸ್ಯತ್ವ ಅವರಿಗೆ ಸಂದವು. ಜ್ಯೋತಿರ್ಲಿಂಗ ಕ್ಷೇತ್ರವಾದ ದೇವಘರದ ವೈದ್ಯನಾಥನ ಸನ್ನಿಧಿಗೆ ಕುಷ್ಠರೋಗಿಗಳು ಗುಣವಾಗುವ ಆಸೆಯಿಂದ ಬಂದು, ನೆಲೆಯಿಲ್ಲದೆ ಬಿದ್ದಿರುತ್ತಿದ್ದರು. ಅವರಿಗಾಗಿ 1890ರ ದಶಕದಲ್ಲಿ ಆಶ್ರಯಧಾಮವೊಂದನ್ನು ಕಟ್ಟಿಸಿ, ಅದಕ್ಕೆ ತಮ್ಮ ಧರ್ಮಪತ್ನಿ ರಾಜಕುಮಾರಿಯವರ ಹೆಸರಿಟ್ಟರು.

1904ರ ಫೆಬ್ರುವರಿ 23ರಂದು, ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, ಮಹೇಂದ್ರಲಾಲರು ಇಹಲೋಕದ ಯಾತ್ರೆಯನ್ನು ಮುಗಿಸಿದರು. ಮಗ ಅಮೃತಲಾಲರು ಸಂಸ್ಥೆಯ ಹೊಣೆ ಹೊತ್ತರು. ಮೂರು ವರ್ಷಗಳ ಬಳಿಕ, 1907ರಲ್ಲಿ, ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಬಂದ ಹದಿನೆಂಟರ ತರುಣನೊಬ್ಬನು ಟ್ರಾಮಿನಲ್ಲಿ ಹೋಗುತ್ತಿದ್ದಾಗ ಬೌಬಜಾರ್ ರಸ್ತೆಯ ಆ ಮನೆಯ ಫಲಕವನ್ನು ಕಂಡನು. ಅಲ್ಲಿ ಪ್ರಯೋಗಾಲಯವಿತ್ತು, ಉಪಕರಣಗಳಿದ್ದವು. ಬಳಸುವವರು ಮಾತ್ರ ವಿರಳ. ಆ ತರುಣ ಚಂದ್ರಶೇಖರ ವೆಂಕಟರಾಮನ್. ಕಚೇರಿಗೆ ಹೋಗುವ ಮುನ್ನ ಬೆಳಗಿನಲ್ಲಿಯೂ ಕಚೇರಿ ಮುಗಿದ ಮೇಲೆ ಸಂಜೆಯಲ್ಲಿಯೂ ಅಲ್ಲಿ ಪ್ರಯೋಗ ನಡೆಸುತ್ತ ಬಂದ ಅವರು, 1928ರ ಫೆಬ್ರುವರಿ 28ರಂದು ಅದೇ ಮನೆಯಲ್ಲಿ ರಾಮನ್ ಪರಿಣಾಮವನ್ನು ಕಂಡರು. 1930ರಲ್ಲಿ ನೊಬೆಲ್ ಪಾರಿತೋಷಕ ಅವರನ್ನು ಅರಸಿ ಬಂದಿತು. 1933ರಲ್ಲಿ ರಾಮನ್ನರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಕನ್ನಡ ನೆಲವನ್ನೇ ತಮ್ಮ ಮನೆಯಾಗಿಸಿಕೊಂಡರು.

ತಾವು ವಿಫಲರಾದೆವೆಂದು ಕೊರಗಿ ಹೋದ ವೃದ್ಧ ವೈದ್ಯರ ದುಡಿಮೆ ಹೀಗೆ ಫಲಿಸಿತು. ಪ್ರತಿವರ್ಷ ಫೆಬ್ರುವರಿ 28ರಂದು ನಮ್ಮ ಶಾಲೆಗಳಲ್ಲಿ ರಾಷ್ಟ್ರೀಯ ವಿಜ್ಞಾನ ದಿನವನ್ನು ಆಚರಿಸುವಾಗ ಮಕ್ಕಳು ರಾಮನ್ನರ ಹೆಸರನ್ನು ಹೇಳುತ್ತಾರೆ. ಅವರಿಗಾಗಿ ಮೂವತ್ತು ವರ್ಷ ಮುಂಚೆಯೇ ಮನೆ ಕಟ್ಟಿ, ಬಾಗಿಲು ತೆರೆದಿಟ್ಟು ಹೋದ ಡಾ. ಮಹೇಂದ್ರಲಾಲ್ ಸರ್ಕಾರರ ಹೆಸರನ್ನೂ ಅಂದು ಅವರಿಗೆ ಹೇಳಿಕೊಡುವುದು ಹಿರಿಯರಾದ ನಮ್ಮ ಕರ್ತವ್ಯ.